ಶನಿಯ ಉಂಗುರ ಕಾಣದ ವರ್ಷ

ಶನಿಯನ್ನು ಕಣ್ಣಾರೆ ನೋಡಬೇಕು ಎಂದು ನಮ್ಮ ಅತ್ತೆ ಹೇಳಿದಾಗ ಮೊದಲು ನಕ್ಕವಳು ನಾನೇ. ಚಿಂತಾಮಣಿಯ ಒಂದು ಸಹಕಾರ ಸಂಘದ ಕಚೇರಿಯಲ್ಲಿ ನನಗೆ ಕೆಲಸ. ಅವತ್ತು ಸಂಜೆ ಬಸ್ಸಿಳಿದು, ದಿಬ್ಬೂರಹಳ್ಳಿ ಪಕ್ಕದ ನಮ್ಮ ಹಳ್ಳಿಗೆ ಬಂದು, ಕೈಕಾಲು ತೊಳೆದು ಅಡುಗೆಮನೆಯಲ್ಲಿ ಕೂತು ಫೋನು ನೋಡುತ್ತಿದ್ದೆ. ಉಂಗುರ ತೊಟ್ಟ ಶನಿಗ್ರಹದ ಚಿತ್ರವೊಂದು ಬಂತು. ಸುಮ್ಮನೆ ಅತ್ತೆಗೆ ತೋರಿಸಿದೆ. ಅವರು ಮುದ್ದೆ ಕೋಲನ್ನು ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಫೋನನ್ನು ಇಸಿದುಕೊಂಡು ಬಹಳ ಹೊತ್ತು ನೋಡಿದರು. ಇದು ಯಾರೋ ಬರೆದಿದ್ದೋ ನಿಜವೋ ಎಂದು ಕೇಳಿದರು. ನಿಜವೇ, ದೂರದರ್ಶಕದಲ್ಲಿ ನೋಡಿದರೆ ಹೀಗೇ ಕಾಣುತ್ತದೆ, ಗೌರಿಬಿದನೂರು ಕಡೆ ಬೆಟ್ಟದ ಮೇಲೆ ಒಂದು ವೀಕ್ಷಣಾಲಯ ಇದೆಯಂತೆ, ಶನಿವಾರ ಭಾನುವಾರ ಸಂಜೆ ಎಲ್ಲರಿಗೂ ತೋರಿಸುತ್ತಾರಂತೆ ಎಂದೆ.

"ಹಂಗಾದ್ರೆ ಒಂದ್ಸಲ ಹೋಗಣ ಕಣಮ್ಮ," ಅಂದರು ಅತ್ತೆ. "ಇಷ್ಟು ವರ್ಷ ಅವನ ಹೆಸರು ಕೇಳಿ ಕೇಳಿ ಸಾಕಾಗೈತೆ. ಹೆಂಗವ್ನೆ ನೋಡ್ಬೇಕು."

ಅವರು ಹಾಗೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಮನೆಯಲ್ಲಿ ಏನು ಕೆಟ್ಟರೂ ಅದು ಶನಿಯ ತಲೆಗೇ ಬರುತ್ತಿತ್ತು. ರೇಷ್ಮೆ ಹುಳಕ್ಕೆ ರೋಗ ಬಂದರೆ ಶನಿ, ಬೋರು ಕೈಕೊಟ್ಟರೆ ಶನಿ, ನನಗೆ ಮಕ್ಕಳಾಗುವುದು ತಡವಾಗುತ್ತಿದ್ದದ್ದಕ್ಕೂ ಶನಿಯೇ. ಹಾಗೆ ಹೇಳುತ್ತಿದ್ದವರು ದೊಡ್ಡ ಮಾವ, ಅಂದರೆ ತೀರಿಹೋದ ನನ್ನ ಮಾವನವರ ಅಣ್ಣ. ಎದುರು ಮನೆಯಲ್ಲೇ ಇದ್ದಾರೆ. ವಯಸ್ಸಾಗಿದ್ದರೂ ಮನೆತನದ ಹಿರಿಯರು ಎಂದು ಇವತ್ತಿಗೂ ಊರವರು ಜಗಳ ತೀರಿಸಲು ಅವರನ್ನು ಕರೆಯುತ್ತಾರೆ. ಪಂಚಾಂಗ ನೋಡದೆ ಹೊಸ ಚಪ್ಪಲಿಯನ್ನೂ ಮೆಟ್ಟಿಕೊಳ್ಳುವವರಲ್ಲ.

ಸುದ್ದಿ ಅವರಿಗೂ ಮುಟ್ಟಿತು. ಮರುದಿನ ಬಂದು ಜಗಲಿಯಲ್ಲಿ ಕೂತು, ಶನಿಯ ದೃಷ್ಟಿಗೆ ನಾವಾಗಿ ನಾವೇ ಎದುರಾಗುವುದುಂಟೇ, ಹೆಂಗಸರಿಗೆ ಇದೆಲ್ಲ ಯಾಕೆ ಎಂದು ನನ್ನ ಗಂಡನಿಗೆ ಹೇಳಿದರು. ಅತ್ತೆ ಬಾಗಿಲ ಹಿಂದೆ ನಿಂತಿದ್ದರು. ಭಾವನ ಎದುರು ನಿಂತು ಮಾತಾಡುವ ರೂಢಿ ಅವರಿಗೆ ಮದುವೆಯಾದ ದಿನದಿಂದಲೂ ಇಲ್ಲ. ಏನಿದ್ದರೂ ತಲೆ ಮೇಲೆ ಸೆರಗು, ಮಧ್ಯೆ ಇನ್ನೊಬ್ಬರು. ಅವತ್ತು ನನಗೆ ಹೇಳುವಂತೆ, ಆದರೆ ಜಗಲಿಗೆ ಕೇಳುವಂತೆ ಹೇಳಿದರು.

"ಅವನು ನನ್ನ ನೋಡಿದ್ದು ಆಗೋಗೈತೆ. ಈಗ ನಾನು ಅವನ್ನ ನೋಡ್ತೀನಿ ಅಂತ ಹೇಳಮ್ಮ."

ನಾನು ಹೇಳುವ ಅಗತ್ಯ ಬೀಳಲಿಲ್ಲ. ದೊಡ್ಡ ಮಾವ ಎದ್ದು ಹೋದರು.

ಹೋಗುತ್ತೇವೆ ಎಂದು ನಿರ್ಧರಿಸುವುದು ಸುಲಭ, ಹೋಗುವುದು ಅಲ್ಲ ಎಂದು ಆಮೇಲೆ ಗೊತ್ತಾಯಿತು. ಮನೆಯಲ್ಲಿ ರೇಷ್ಮೆ ಹುಳ ಇರುವಾಗ ಯಾರೂ ಎಲ್ಲೂ ಹೋಗುವಂತಿಲ್ಲ. ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು. ಹುಳದ ಮನೆಯ ಯಜಮಾನಿಕೆ ಅತ್ತೆಯದು, ಸೊಪ್ಪಿನ ತೋಟ ನನ್ನ ಗಂಡನದು. ಹುಳಗಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತವೆ, ಪ್ರತಿ ಸಲವೂ ಅದಕ್ಕೆ ಮುಂಚೆ ತಲೆ ಎತ್ತಿ ಸುಮ್ಮನೆ ಕೂರುತ್ತವೆ, ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತ ಹುಳ ಸೊಪ್ಪು ಮುಟ್ಟುವುದಿಲ್ಲ. ನಮಗೆ ಬಿಡುವು ಸಿಗುವುದು ಆಗ ಮಾತ್ರ. ಹಾಗಾಗಿ ಹುಳ ಜ್ವರಕ್ಕೆ ಕೂತಿರಬೇಕು, ಅದು ಶನಿವಾರವೋ ಭಾನುವಾರವೋ ಆಗಿರಬೇಕು, ಆಕಾಶ ತಿಳಿಯಾಗಿರಬೇಕು, ಸಂಜೆಯ ಹೊತ್ತಿಗೆ ಶನಿ ಮೇಲಿರಬೇಕು. ಇವೆಲ್ಲ ಕೂಡಿ ಬರಲಿ ಎಂದು ಕಾಯುತ್ತಾ ಕಾಯುತ್ತಾ ನನಗೇ ಬೇಸರ ಬಂದಿತ್ತು. ಅತ್ತೆ ಮಾತ್ರ ಹುಳದ ತಟ್ಟೆ ಸರಿಸುತ್ತಾ, ಈ ಸಲ ಮೂರನೇ ಜ್ವರ ಭಾನುವಾರಕ್ಕೆ ಬೀಳುತ್ತೆ ನೋಡು ಎಂದು ಹೇಳುತ್ತಲೇ ಇದ್ದರು.

ಮೊದಲ ಸಲ ಹೊರಟಾಗ ಹಿಂಗಾರಿನ ಮಳೆ ಇನ್ನೂ ಮುಗಿದಿರಲಿಲ್ಲ. ಬೆಳಗ್ಗೆ ಬಿಸಿಲು ಚೆನ್ನಾಗಿತ್ತು. ಫೋನು ಮಾಡಿ ಕೇಳಿದರೆ ಬನ್ನಿ ಅಂದರು. ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ದಾಟಿ ಮಂಚೇನಹಳ್ಳಿ ಕಡೆ ತಿರುಗುವಷ್ಟರಲ್ಲಿ ಪಡುವಣದಲ್ಲಿ ಮೋಡ ಏಳತೊಡಗಿತು. ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿ ಅವರದೇ ವ್ಯಾನಿಗೆ ಕಾಯಬೇಕಿತ್ತು. ವ್ಯಾನು ಮೇಲೆ ಹತ್ತುವ ಹೊತ್ತಿಗೆ ಒಂದು ನಕ್ಷತ್ರವೂ ಇರಲಿಲ್ಲ.

ಆಕಾಶ ಕಾಣದಿದ್ದರೆ ಏನಂತೆ ಎಂದು ನಮ್ಮನ್ನೆಲ್ಲ ಒಂದು ಹಾಲಿನಲ್ಲಿ ಕೂರಿಸಿ ಪರದೆಯ ಮೇಲೆ ಚಿತ್ರ ತೋರಿಸಿದರು. ವಿವರಣೆ ಪೂರಾ ಇಂಗ್ಲಿಷಿನಲ್ಲಿ. ಬೆಂಗಳೂರಿನಿಂದ ಬಂದಿದ್ದ ಕುಟುಂಬಗಳೇ ಹೆಚ್ಚು. ಅತ್ತೆ ನನ್ನ ಮೊಣಕೈ ತಿವಿದು ಏನಂತೆ, ಏನಂತೆ ಎಂದು ಕೇಳುತ್ತಿದ್ದರು. ನಾನು ಮೆಲ್ಲಗೆ ಕನ್ನಡದಲ್ಲಿ ಹೇಳಲು ಹೋದರೆ ಮುಂದಿನ ಸಾಲಿನ ಹೆಂಗಸೊಬ್ಬಳು ತಿರುಗಿ ತುಟಿಗೆ ಬೆರಳಿಟ್ಟು ತೋರಿಸಿದಳು. ಕನ್ನಡದಲ್ಲೂ ಸ್ವಲ್ಪ ಹೇಳಿ ಸಾರ್ ಎಂದು ನನ್ನ ಗಂಡ ಎದ್ದು ನಿಂತು ಕೇಳಿದರು. ಪಾಪ, ವಿವರಿಸುತ್ತಿದ್ದ ಹುಡುಗನಿಗೆ ಕನ್ನಡ ಬರುತ್ತಿರಲಿಲ್ಲ. ಕೊನೆಗೆ ಪರದೆಯ ಮೇಲೆ ಶನಿ ಬಂದ, ನನ್ನ ಫೋನಿನಲ್ಲಿ ಬಂದಿದ್ದ ಅದೇ ಚಿತ್ರ. ಅದನ್ನು ನೋಡಲು ಅಷ್ಟು ದೂರ ಹೋಗಿದ್ದೆವು.

ಎರಡನೇ ಸಲ ಚಳಿಗಾಲ. ಆಕಾಶ ತೊಳೆದಿಟ್ಟ ಹಾಗಿತ್ತು. ಹೊಸ ಬೆಳೆಯ ಹುಳ ಎರಡನೇ ಜ್ವರಕ್ಕೆ ಕೂತಿದ್ದವು. ಅತ್ತೆ ಮಫ್ಲರು ಸುತ್ತಿಕೊಂಡು, ಚಿತ್ರಾನ್ನ ಕಟ್ಟಿಸಿಕೊಂಡು ಹೊರಟರು. ಈ ಸಲ ದಾರಿಯುದ್ದಕ್ಕೂ ಶನಿ ಕಾಣಿಸುತ್ತಲೇ ಇದ್ದ. ನಾನೇ ಕಿಟಕಿಯಿಂದ ತೋರಿಸಿದೆ, ಅಗೋ ಮಿನುಗದೆ ಸುಮ್ಮನೆ ಉರಿಯುತ್ತಿದೆಯಲ್ಲ, ಅದೇ ಎಂದು. ಬೆಟ್ಟದ ಬುಡಕ್ಕೆ ಹೋದರೆ ಗೇಟು ಹಾಕಿತ್ತು. ಕಾವಲಿನವನು ಟಾರ್ಚು ಹಿಡಿದು ಬಂದು, ಯಾರೋ ದೊಡ್ಡವರ ಕುಟುಂಬ ಬಂದಿದೆ, ಇವತ್ತು ಪಬ್ಲಿಕ್ಕಿಗೆ ಇಲ್ಲ ಅಂದ. ನಾವು ಹೆಸರು ಬರೆಸಿದ್ದೆವಲ್ಲ ಎಂದು ಕೇಳಿದೆ. ಎಲ್ಲರಿಗೂ ಮೆಸೇಜು ಹೋಗಿದೆ ಅಂದ. ನಮಗೆ ಯಾವ ಮೆಸೇಜೂ ಬಂದಿರಲಿಲ್ಲ. ನನ್ನ ಗಂಡನ ದನಿ ಏರಿತು. ವಯಸ್ಸಾದವರನ್ನು ಕರೆದುಕೊಂಡು ಅಷ್ಟು ದೂರದಿಂದ ಬಂದಿದ್ದೇವೆ, ಒಬ್ಬರನ್ನಾದರೂ ಬಿಡು ಎಂದು ಕೇಳಿದರು. ನನ್ನ ಕೈಲೇನೂ ಇಲ್ಲ ಸಾರ್ ಎಂದು ಅವನು ಟಾರ್ಚು ಆರಿಸಿ ತನ್ನ ಕುರ್ಚಿಗೆ ಹೋಗಿ ಕೂತ. ಮೇಲೆ ಗುಮ್ಮಟದ ಹತ್ತಿರ ಯಾರೋ ನಗುತ್ತಿದ್ದದ್ದು ನಮಗೆ ಕೇಳಿಸುತ್ತಿತ್ತು.

ಕಾರಿನಲ್ಲೇ ಕೂತು ಚಿತ್ರಾನ್ನ ತಿಂದೆವು. ವಾಪಸ್ಸು ಬರುವಾಗ ನನಗೂ ನನ್ನ ಗಂಡನಿಗೂ ಮಾತಿಗೆ ಮಾತು ಬೆಳೆಯಿತು. ನೋಡಿ ಏನಾಗಬೇಕು, ಫೋನಿನಲ್ಲಿ ಇದಕ್ಕಿಂತ ಚೆನ್ನಾಗಿ ಕಾಣುತ್ತದೆ, ನೀನೇ ಇಲ್ಲದ್ದು ತಲೆಗೆ ತುಂಬಿದೆ ಅಂದರು. ನಿಮ್ಮಮ್ಮ ಜೀವನದಲ್ಲಿ ತನಗೆ ಅಂತ ಕೇಳಿದ್ದು ಇದೊಂದೇ, ಅದಕ್ಕೂ ಪೆಟ್ರೋಲಿನ ಲೆಕ್ಕ ನೋಡುತ್ತೀರಲ್ಲ ಅಂದೆ. ಹಿಂದಿನ ಸೀಟಿನಲ್ಲಿದ್ದ ಅತ್ತೆ ಗಾಜು ಇಳಿಸಿ ಆಕಾಶ ನೋಡುತ್ತಿದ್ದರು. ಚಳಿ ಬರುತ್ತೆ ಏರಿಸಮ್ಮ ಎಂದು ಮಗ ಹೇಳಿದರೂ ಏರಿಸಲಿಲ್ಲ.

ಅದಾದ ಮೇಲೆ ಹುಳದ ಲೆಕ್ಕ ಹೊಂದಿದಾಗ ಶನಿ ಇರುತ್ತಿರಲಿಲ್ಲ. ನಾನು ಫೋನು ಮಾಡಿದಾಗ, ಈಗ ಸೂರ್ಯನ ಹಿಂದೆ ಹೋಗಿದೆ ಮೇಡಂ, ಸಂಜೆ ಆಕಾಶಕ್ಕೆ ಬರಬೇಕಾದರೆ ಇನ್ನೂ ಎಷ್ಟೋ ತಿಂಗಳಾಗುತ್ತದೆ ಅಂದರು. ಬೇಸಿಗೆ ಕಳೆಯಿತು. ಮುಂಗಾರು ಬಂತು. ಅತ್ತೆಯ ಮಂಡಿ ನೋವು ಜಾಸ್ತಿಯಾಯಿತು. ದೊಡ್ಡ ಮಾವ ಜಗಲಿಯಲ್ಲಿ ಕೂತಾಗಲೆಲ್ಲ, ನೋಡಿದಿರಾ, ಅವನು ಬೇಡ ಅನ್ನುತ್ತಿದ್ದಾನೆ, ಬಿಟ್ಟುಬಿಡಿ ಎಂದು ಹೇಳುವುದನ್ನು ಬಿಡಲಿಲ್ಲ. ನನಗೆ ಅವರ ಮಾತಿಗಿಂತ ಆ ಮಾತಿನ ಹಿಂದಿದ್ದ ಸಮಾಧಾನ ಮೈ ಉರಿಸುತ್ತಿತ್ತು.

ಮೂರನೇ ಸಲ ಹೋದದ್ದು ಮತ್ತೆ ಚಳಿಗಾಲದಲ್ಲಿ, ಒಂದು ಶನಿವಾರ. ಹುಳ ನಾಲ್ಕನೇ ಜ್ವರದಲ್ಲಿದ್ದವು. ನನ್ನ ಗಂಡ ಬರುವುದಿಲ್ಲ ಎಂದು ಮೊದಲೇ ಹೇಳಿದ್ದವರು, ನಾನು ಬಾಡಿಗೆ ಕಾರು ಮಾಡುತ್ತೇನೆ ಅಂದ ಮೇಲೆ ತಾವೇ ಕೀಲಿಕೈ ತೆಗೆದುಕೊಂಡರು. ಗೇಟು ತೆರೆದಿತ್ತು. ಮೋಡ ಇರಲಿಲ್ಲ. ವ್ಯಾನು ಬೇಗ ಬಂತು. ಈ ಸಲ ಏನೂ ಅಡ್ಡಿಯಿಲ್ಲ ಎಂದು ನನಗೆ ಒಳಗೊಳಗೇ ಖುಷಿ.

ಮೇಲೆ ಹೋಗಿ ನೋಡಿದರೆ ಜಾತ್ರೆ. ಯಾವುದೋ ಶಾಲೆಯವರು ಎರಡು ಬಸ್ಸು ತುಂಬ ಮಕ್ಕಳನ್ನು ಕರೆತಂದಿದ್ದರು. ಸಾಲು ಗುಮ್ಮಟದ ಮೆಟ್ಟಿಲಿಳಿದು ಪಾರ್ಕಿಂಗಿನವರೆಗೂ ಬಂದಿತ್ತು. ಎಲ್ಲರ ಕೈಯಲ್ಲೂ ಫೋನಿನ ದೀಪ. ದೀಪ ಆರಿಸಿ, ದೀಪ ಆರಿಸಿ ಎಂದು ಸ್ವಯಂಸೇವಕರು ಕೂಗುತ್ತಿದ್ದರೂ ಯಾರೂ ಕೇಳುತ್ತಿರಲಿಲ್ಲ. ಅತ್ತೆಗೆ ಕೂರಲು ಕುರ್ಚಿ ಕೇಳಿದೆ. ಇದ್ದ ಕುರ್ಚಿಗಳನ್ನೆಲ್ಲ ಹಾಲಿನಲ್ಲಿ ಹಾಕಿದ್ದಾರಂತೆ. ಹಾಲಿಗೆ ಹೋಗಿ ಕೂತರೆ ಸಾಲಿನ ಜಾಗ ಹೋಗುತ್ತದಂತೆ. ಅತ್ತೆ ಮೆಟ್ಟಿಲ ಕಟಕಟೆ ಹಿಡಿದು ನಿಂತೇ ಇದ್ದರು. ಬೆಂಗಳೂರಿನ ದಿಕ್ಕಿನಲ್ಲಿ ಆಕಾಶ ಬೂದಿ ಮುಚ್ಚಿದ ಕೆಂಡದಂತೆ ಕೆಂಪಗಿತ್ತು.

ಅಂತೂ ಒಳಗೆ ಹೋದೆವು. ಗುಮ್ಮಟದ ನಡುವೆ ನಾನು ಅಂದುಕೊಂಡಿದ್ದಕ್ಕಿಂತ ದಪ್ಪನಾದ ದೂರದರ್ಶಕ. ಅದರ ಪಕ್ಕ ನಿಂತಿದ್ದ ಹುಡುಗಿ ಕಾಲೇಜಿನವಳಿರಬೇಕು, ಕನ್ನಡ ಚೆನ್ನಾಗಿ ಮಾತಾಡುತ್ತಿದ್ದಳು. ಅತ್ತೆ ಕುಳ್ಳಗೆ ಇದ್ದಾರೆ, ಕಣ್ಣಿಡುವ ಜಾಗ ಅವರಿಗೆ ಎಟುಕಲಿಲ್ಲ. ಸಣ್ಣ ಸ್ಟೂಲು ತಂದು ಹತ್ತಿಸಿದೆವು. ಆಸರೆಗೆಂದು ಅತ್ತೆ ದೂರದರ್ಶಕವನ್ನೇ ಹಿಡಿದುಕೊಂಡರು. ಅದು ಅಲುಗಿತು. ಶನಿ ಜಾಗ ತಪ್ಪಿತು. ಹುಡುಗಿ ಮತ್ತೆ ಹುಡುಕಿ ಕೊಡುವವರೆಗೂ ಹಿಂದಿನವರು ಗೊಣಗುತ್ತಿದ್ದರು. ಮೊದಲು ನಾನು ನೋಡಿದೆ, ಸರಿಯಾಗಿದೆಯೋ ಇಲ್ಲವೋ ಎಂದು.

ಕಪ್ಪಿನ ನಡುವೆ ಒಂದು ಹಳದಿ ಕಾಳು. ಅದರ ಅಡ್ಡಕ್ಕೆ ಎಳೆದ ಒಂದು ಗೆರೆ, ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣದು. ಉಂಗುರ ಎಲ್ಲೂ ಇರಲಿಲ್ಲ.

ನಾನು ತಲೆ ಎತ್ತಿ, ಉಂಗುರ ಎಲ್ಲಮ್ಮಾ ಎಂದು ಆ ಹುಡುಗಿಯನ್ನು ಕೇಳಿದೆ. ಈ ವರ್ಷ ಶನಿಯ ಉಂಗುರ ನಮ್ಮ ಕಡೆಗೆ ಅಂಚು ತಿರುಗಿಸಿಕೊಂಡಿದೆ ಆಂಟಿ, ತಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರೆ ಬರೀ ಅಂಚು ಕಾಣುತ್ತದಲ್ಲ ಹಾಗೆ, ಎಷ್ಟೋ ವರ್ಷಕ್ಕೊಮ್ಮೆ ಹೀಗಾಗುತ್ತದೆ ಅಂದಳು. ಅಷ್ಟಕ್ಕೆ ನಿಲ್ಲಿಸಿದ್ದರೂ ಸಾಕಿತ್ತು. "ಹೋದ ವರ್ಷ ಬಂದಿದ್ರೆ ಸ್ವಲ್ಪನಾದ್ರೂ ಕಾಣ್ತಿತ್ತು," ಅಂದಳು.

ನನಗೆ ಅಲ್ಲೇ ಕೂತು ಅಳಬೇಕು ಅನ್ನಿಸಿತು. ಹೋದ ವರ್ಷ ಬಂದಿದ್ದೆವು ತಾಯಿ, ಗೇಟಿನಿಂದ ವಾಪಸ್ಸು ಕಳಿಸಿದಿರಿ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಕಣ್ಣಿಟ್ಟಿದ್ದರು.

ಬಹಳ ಹೊತ್ತು ನೋಡಿದರು. ಹಿಂದಿನವರು, ಅಜ್ಜಿ ಆಯ್ತಾ, ಅಜ್ಜಿ ಬೇಗ ಎಂದು ಶುರುಮಾಡಿದರು. ಮಕ್ಕಳ ಜೊತೆಗಿದ್ದ ಒಬ್ಬ ಮೇಷ್ಟರು ಇಲ್ಲಿ ಇನ್ನೂ ಎಷ್ಟೊಂದು ಜನ ಇದ್ದಾರಮ್ಮ ಅಂದರು. ಅತ್ತೆ ತಲೆ ಎತ್ತಲಿಲ್ಲ. ಕಾಣುತ್ತಿದೆಯಾ ಎಂದು ಕೇಳಿದರೆ ಹೂಂ ಅಂದರು. ಕೊನೆಗೆ ನನ್ನ ಗಂಡನೇ ಅವರ ತೋಳು ಹಿಡಿದು ಇಳಿಸಿದರು. ಹೊರಗೆ ಬಂದು ಮೆಟ್ಟಿಲ ಹತ್ತಿರ ನಿಂತಾಗ ನಾನು ಉಂಗುರದ ವಿಷಯ ಹೇಳಿ ಸಮಾಧಾನ ಮಾಡಲು ಹೊರಟೆ. ಅವರು ಅದನ್ನು ಕೇಳಿಸಿಕೊಳ್ಳಲೇ ಇಲ್ಲ.

"ಇಷ್ಟೇನಾ ಅವನು?" ಅಂದರು.

ದೂರ ಇರುವುದರಿಂದ ಚಿಕ್ಕದಾಗಿ ಕಾಣುತ್ತದೆ, ನಿಜವಾಗಿ ಭೂಮಿಗಿಂತ ಎಷ್ಟೋ ದೊಡ್ಡದು ಎಂದೆ. ಇರಲಿ ಬಿಡು, ಅಷ್ಟು ದೂರ ಇದ್ದಾನಲ್ಲ ಎಂದು ಹೇಳಿ ವ್ಯಾನು ಹತ್ತಿದರು. ಅವರ ಮುಖದಲ್ಲಿ ಖುಷಿ ಇರಲಿಲ್ಲ. ಹಟ ಹಿಡಿದು ಕರೆತಂದವಳು ನಾನು. ಉಂಗುರವನ್ನೂ ಕಾಣಿಸಲಾಗಲಿಲ್ಲ, ಅವರು ಸಿಟ್ಟಾಗಿದ್ದಾರೆ ಎಂದುಕೊಂಡೆ. ಸಿಟ್ಟಾಗಿದ್ದದ್ದು ನಿಜ, ನನ್ನ ಮೇಲಲ್ಲ.

ಮಂಚೇನಹಳ್ಳಿ ದಾಟಿದೆವು. ಆಮೇಲೆ ಅತ್ತೆ ಹಿಂದಿನ ಸೀಟಿನಿಂದ, ಯಾರನ್ನೂ ಉದ್ದೇಶಿಸದೆ ಮಾತು ತೆಗೆದರು. ಮಾವನವರು ಎದೆನೋವಿನಿಂದ ತೀರಿಹೋದದ್ದು ನನ್ನ ಮದುವೆಗೆ ಬಹಳ ಮುಂಚೆ, ನನ್ನ ಗಂಡ ಇನ್ನೂ ಶಾಲೆಗೆ ಹೋಗುತ್ತಿದ್ದಾಗ. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಹೋಗಿಬಿಟ್ಟರು ಎಂದೇ ಎಲ್ಲರೂ ಹೇಳುತ್ತಾರೆ, ನಾನೂ ಹಾಗೇ ನಂಬಿದ್ದೆ. ಅವತ್ತು ಅತ್ತೆ ಹೇಳಿದ್ದು ಬೇರೆ. ಬೆಳಗ್ಗೆಯೇ ನೋವು ಬಂದಿತ್ತು. ಡೈರಿಗೆ ಹಾಲು ಒಯ್ಯುವ ವ್ಯಾನು ಮನೆ ಮುಂದೆ ನಿಂತಿತ್ತು, ಡ್ರೈವರು ಚಿಕ್ಕಬಳ್ಳಾಪುರಕ್ಕೆ ಕರೆದೊಯ್ಯುತ್ತೇನೆ ಎಂದಿದ್ದ. ದೊಡ್ಡ ಮಾವ ತಡೆದರು. ತಮ್ಮನಿಗೆ ಶನಿಯ ಸಾಡೇಸಾತಿ ನಡೆಯುತ್ತಿದೆ, ಮೊದಲು ಶಾಂತಿ ಆಗಬೇಕು, ಸೂಜಿ ಚುಚ್ಚಿದರೆ ಹೋಗುವಂಥದ್ದಲ್ಲ ಎಂದು ಅರ್ಚಕರಿಗೆ ಹೇಳಿಕಳಿಸಿದರು. ಎಳ್ಳು, ಎಣ್ಣೆ, ಕಪ್ಪು ಬಟ್ಟೆ ಎಲ್ಲ ಕೂಡಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

"ದಾರೀಲಿ ಸತ್ರು ಅಂತಾರೆ," ಅಂದರು ಅತ್ತೆ. "ದಾರೀಗೇ ಹತ್ತಿಸ್ಲಿಲ್ಲ ಅವರ್ನ. ಅಷ್ಟು ದೂರ ಇರೋನಿಗೆ ಇವರ ಎದೆ ಎಲ್ಲಿ ಐತೆ ಅಂತ ಏನು ಗೊತ್ತು. ತಡೆದೋರು ಮನೆ ಮುಂದೇನೇ ಇದ್ರು."

ನನ್ನ ಗಂಡ ಕಾರು ನಿಲ್ಲಿಸಿದರು. ಇಳಿದು ಹೋಗಿ ರಸ್ತೆ ಪಕ್ಕದ ಮುಸುಕಿನ ಜೋಳದ ಹೊಲದ ಕಡೆ ಮುಖ ಮಾಡಿ ನಿಂತರು. ಅವರಿಗೂ ಇದು ಗೊತ್ತಿರಲಿಲ್ಲ. ತಂದೆ ಇಲ್ಲದ ಮನೆಯಲ್ಲಿ ದೊಡ್ಡಪ್ಪನ ಕೈಯಲ್ಲೇ ಬೆಳೆದವರು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ನಾನು ಅತ್ತೆಯನ್ನು ಕೇಳಿದೆ. ಹೇಳಿದ್ದರೆ ನಿನ್ನ ಗಂಡನನ್ನು ಓದಿಸುತ್ತಿದ್ದವರು ಯಾರಮ್ಮ, ತೋಟಕ್ಕೆ ನೀರಿನ ಪಾಳಿ ಬಿಡುತ್ತಿದ್ದವರು ಯಾರು ಅಂದರು. ನನ್ನ ಗಂಡ ವಾಪಸ್ಸು ಬಂದು ಮನೆಯವರೆಗೂ ಕಾರು ಓಡಿಸಿದರು.

ಬೆಳಗ್ಗೆ ದೊಡ್ಡ ಮಾವ ತಾವಾಗಿಯೇ ಬಂದು ಕೂತರು, ನೋಡಿದಿರಂತೆ ಎಂದು ಕೇಳಲು. ಅತ್ತೆ ಹುಳದ ಮನೆಯಿಂದ ನೆಟ್ಟಗೆ ಜಗಲಿಗೆ ಬಂದು ಅವರ ಎದುರಿಗೆ ನಿಂತರು. ಕೈಯಲ್ಲಿ ಸೊಪ್ಪು ಕತ್ತರಿಸುವ ಕುಡುಗೋಲು ಇತ್ತು, ಅದನ್ನು ಕೆಳಗಿಡುವುದು ಅವರಿಗೆ ಹೊಳೆದಿರಲಿಲ್ಲ.

"ಭಾವ, ಅವತ್ತು ವ್ಯಾನು ಯಾಕೆ ತಡೆದ್ರಿ?"

ದೊಡ್ಡ ಮಾವ ಯಾವ ವ್ಯಾನು ಎಂದು ಕೇಳಲಿಲ್ಲ. ನನ್ನ ಗಂಡನ ಮುಖ ನೋಡಿದರು, ಆಮೇಲೆ ನನ್ನ ಮುಖ.

"ಆ ಕಾಲ ಹಂಗಿತ್ತಮ್ಮ," ಅಂದರು. "ನಂಗೇನು ಗೊತ್ತಿತ್ತು."

"ನಂಗೆ ಗೊತ್ತಿತ್ತು. ಆಸ್ಪತ್ರೆಗೆ ಕಳಿಸಿ ಅಂತ ಹೇಳ್ದೆ. ಬಾಗಿಲ ಹಿಂದೆ ನಿಂತ್ಕೊಂಡು ಎಷ್ಟು ಸಲ ಹೇಳ್ದೆ."

ಅವರು ಏನಾದರೂ ಹೇಳುತ್ತಾರೆ ಎಂದು ನಾನು ಕಾದೆ. ತಪ್ಪಾಯಿತು ಅನ್ನಬಹುದಿತ್ತು. ಸುಳ್ಳು ಅಂತಾದರೂ ಅನ್ನಬಹುದಿತ್ತು, ಜಗಳವಾದರೂ ಆಗುತ್ತಿತ್ತು. ಅವರು ಪಂಚೆಯ ಅಂಚನ್ನು ಸರಿಮಾಡಿಕೊಂಡು, ಎಲ್ಲ ಹಣೆಬರಹ ಎಂದು ಗೋಡೆ ಹಿಡಿದು ಎದ್ದು ತಮ್ಮ ಮನೆಗೆ ನಡೆದರು. ಅತ್ತೆ ಜ್ವರ ಬಿಟ್ಟ ಹುಳಕ್ಕೆ ಸೊಪ್ಪು ಹಾಕಬೇಕೆಂದು ಒಳಗೆ ಹೋದರು.

ಆಮೇಲೆ ಕೆಲವು ದಿನ ದೊಡ್ಡ ಮಾವ ನಮ್ಮ ಕಡೆ ಬರಲಿಲ್ಲ. ನನ್ನ ಗಂಡ ಅವರ ಮನೆಗೆ ಹೋಗಲೂ ಇಲ್ಲ, ಹೋಗದೆ ಇರಲೂ ಆಗಲಿಲ್ಲ. ತೋಟಕ್ಕೆ ಹೋಗುವಾಗ ಅವರ ಬಾಗಿಲ ಮುಂದೆ ನಡಿಗೆ ನಿಧಾನ ಮಾಡಿ ಮುಂದೆ ಹೋಗುತ್ತಿದ್ದರು. ಆ ಸಿಟ್ಟೆಲ್ಲ ಅವರಿಗೆ ನನ್ನ ಮೇಲೆ. ಅವತ್ತು ನೀನು ಫೋನು ತೋರಿಸದಿದ್ದರೆ ಇದೊಂದೂ ಆಗುತ್ತಿರಲಿಲ್ಲ ಎಂದು ಹೇಳಿಯೂಬಿಟ್ಟರು. ನಾನು ಅತ್ತೆಯನ್ನು, ಈಗ ಮನಸ್ಸಿಗೆ ಹಗುರವಾಯಿತಾ ಎಂದು ಕೇಳಿದೆ. ಎಲ್ಲಿಂದ ಆಗುತ್ತಮ್ಮ, ಅವರು ಏನೂ ಹೇಳಲೇ ಇಲ್ಲವಲ್ಲ ಅಂದರು.

ಮುಂದಿನ ವಾರ ಹುಳ ಹಣ್ಣಾದವು, ಅಂದರೆ ಗೂಡು ಕಟ್ಟಲು ಸಿದ್ಧವಾದವು. ಹಣ್ಣಾದ ಹುಳ ಕಾಯುವುದಿಲ್ಲ, ಒಂದೇ ದಿನ ಎಲ್ಲವನ್ನೂ ಆರಿಸಿ ಬಿದಿರು ಹೆಣೆದ ಚಂದ್ರಿಕೆಗೆ ಬಿಡಬೇಕು. ಊರಲ್ಲಿ ಯಾರ ಮನೆಯಲ್ಲಿ ಹಣ್ಣಾದರೂ ಕರೆಯದೆಯೇ ಜನ ಬರುತ್ತಾರೆ. ಅವತ್ತು ಮಧ್ಯಾಹ್ನ ದೊಡ್ಡ ಮಾವನೂ ಬಂದರು. ಬಾಗಿಲಲ್ಲಿ ಕಾಲು ತೊಳೆದು, ಯಾರನ್ನೂ ಮಾತಾಡಿಸದೆ ಒಂದು ತಟ್ಟೆಯ ಮುಂದೆ ಕೂತರು. ಅವರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಹುಳಗಳನ್ನು ಒಂದರ ಮೇಲೊಂದು ಬಿಡುತ್ತಿದ್ದರು. ಹಾಗೆ ಬಿಟ್ಟರೆ ಎರಡು ಹುಳ ಸೇರಿ ಒಂದೇ ಗೂಡು ಕಟ್ಟಿ ಕೆಲಸಕ್ಕೆ ಬಾರದಾಗುತ್ತದೆ. ಅತ್ತೆ ತಲೆಗೆ ಸೆರಗು ಹೊದೆಯದೆ ಅವರ ಹಿಂದೆಯೇ ಬಂದು, ಅವರು ಬಿಟ್ಟ ಹುಳಗಳನ್ನೆಲ್ಲ ಮತ್ತೆ ಬಿಡಿಸಿ ಬಿಡಿಸಿ ಇಡುತ್ತಾ ಹೋದರು. ಕೆಲಸ ಮುಗಿಯಿತು. ನಾನು ಎಲ್ಲರಿಗೂ ಕಾಫಿ ತಂದೆ. ದೊಡ್ಡ ಮಾವ ತಮ್ಮ ಲೋಟವನ್ನು ಮುಟ್ಟದೆ ಎದ್ದುಹೋದರು.